ಪ್ಲೇಟಿನ ದನಿ ಕಿವಿ ಮುಟ್ಟುವ ಹಾದಿ

ಕಾರವಾರ, ಅಂಕೋಲಾ ಕಡೆಯ ಹಳೆಯ ಮನೆಗಳನ್ನು ದುರಸ್ತಿಗೆಂದು ಬಿಚ್ಚುವಾಗ ಅಟ್ಟದಿಂದ ತಾಮ್ರದ ಹಂಡೆ, ಮರದ ಪೆಟ್ಟಿಗೆಗಳ ಜತೆಗೆ ಒಮ್ಮೊಮ್ಮೆ ಗ್ರಾಮಫೋನ್ ಪ್ಲೇಟುಗಳ ಕಟ್ಟೂ ಕೆಳಗಿಳಿಯುವುದುಂಟು. ಮನೆಯ ಕಿರಿಯರು ಉತ್ಸಾಹದಿಂದ ಹೊಸ ಟರ್ನ್‌ಟೇಬಲ್ ತರಿಸುತ್ತಾರೆ. ಅದರ ತಂತಿಗೆ ಹೆಡ್‌ಫೋನ್ ಸಿಕ್ಕಿಸಿ ಕಿವಿಗಿಟ್ಟುಕೊಂಡರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ಪ್ಲೇಟು ಕೆಟ್ಟಿದೆ ಎಂಬ ತೀರ್ಮಾನವಾಗುತ್ತದೆ. ಮುಂದಿನ ವಾರ ಗುಜರಿಯವನ ಗಾಡಿ ಬಾಗಿಲಿಗೆ ಬರುತ್ತದೆ.

ಆದರೆ ಎಷ್ಟೋ ಸಲ ಪ್ಲೇಟು ಕೆಟ್ಟಿರುವುದಿಲ್ಲ. ಅದರ ದನಿ ಬಹಳ ಸಣ್ಣದು, ಅಷ್ಟೆ. ಅದನ್ನು ದೊಡ್ಡದು ಮಾಡುವ ನಡುವಣ ಮೆಟ್ಟಿಲೊಂದು ತಪ್ಪಿಹೋಗಿರುತ್ತದೆ. ಆ ಮೆಟ್ಟಿಲು ಯಾವುದು, ಯಾಕೆ ಬೇಕಾಯಿತು ಎಂದು ತಿಳಿಯಲು ಒಂದು ಶತಮಾನಕ್ಕೂ ಹಿಂದೆ ಹೋಗಬೇಕು.

ಕೊಳವೆಯಿಂದ ಕಹಳೆಗೆ

ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. 1889ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕಾಸು ಹಾಕಿ ಹಾಡು ಕೇಳುವ ಯಂತ್ರ ಬಂದಾಗ ಜನ ಕೇಳಿದ್ದು ವೈದ್ಯರ ಸ್ಟೆತಾಸ್ಕೋಪಿನಂಥ ಕೊಳವೆಗಳನ್ನು ಕಿವಿಗಿಟ್ಟುಕೊಂಡು. ಅಂದರೆ ಒಬ್ಬೊಬ್ಬರೇ ಕಿವಿಗೆ ಹಚ್ಚಿಕೊಂಡು ಕೇಳುವುದು ಇಂದಿನ ಹೊಸ ಖಯಾಲಿಯಲ್ಲ. ಧ್ವನಿಮುದ್ರಿತ ಸಂಗೀತದ ಬಾಲ್ಯದಲ್ಲೇ ಇದ್ದ ರೂಢಿ. ಮನೆಮಂದಿಯೆಲ್ಲ ಕೂಡಿ ಕೇಳುವಂತೆ ಮಾಡಿದ್ದು ಕಹಳೆ.

ಭಾರತದಲ್ಲಿ ತಟ್ಟೆಯ ಮೇಲೆ ಸಂಗೀತ ಅಚ್ಚಾಗತೊಡಗಿದ್ದು 1902ರಲ್ಲಿ. ಫ್ರೆಡ್ ಗೈಸ್‌ಬರ್ಗ್ ಆ ವರ್ಷ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯನ್ನು ಮುದ್ರಿಸಿಕೊಂಡರು. ಆಗಿನ ಪ್ಲೇಟಿಗೆ ಬೇಕಾದ ಅರಗು ಹೆಚ್ಚಾಗಿ ನಮ್ಮ ದೇಶದ ಕಾಡುಗಳಿಂದಲೇ ಹೋಗುತ್ತಿತ್ತು. ಪ್ಲೇಟು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿತ್ತು. ಕೀಲಿ ಕೊಟ್ಟರೆ ಸಾಕು, ವಿದ್ಯುತ್ತಿನ ಹಂಗಿಲ್ಲ. ಉಕ್ಕಿನ ಮುಳ್ಳು ಗೀರಿನಲ್ಲಿ ನಡುಗುತ್ತಿತ್ತು, ತೆಳುವಾದ ಪೊರೆ ಆ ನಡುಕವನ್ನು ಸದ್ದಾಗಿಸುತ್ತಿತ್ತು, ಕಹಳೆ ಅದನ್ನು ಹಿಗ್ಗಿಸಿ ಜಗಲಿಯವರೆಗೂ ಮುಟ್ಟಿಸುತ್ತಿತ್ತು.

ಇಂಥ ಪ್ಲೇಟಿನ ಶಕ್ತಿಗೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯೊಂದರಲ್ಲಿ ಕೇಳಿದ ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮ್ರಿಗೆ ಮನಸೋತು, ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟರು. ಮೂರು ನಿಮಿಷದ ತಟ್ಟೆಯೊಂದು ಒಂದು ಬದುಕಿನ ದಿಕ್ಕನ್ನೇ ತಿರುಗಿಸಿತು.

ಮುಂಬಯಿ ಸೀಮೆಯ ಕರಾವಳಿ

1862ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಾರವಾರದ ಬಂದರಿಗೆ ಮುಂಬಯಿಯ ಹಡಗುಗಳು ಬರುತ್ತಿದ್ದವು. ಕನ್ನಡ, ಕೊಂಕಣಿ, ಮರಾಠಿ ಮೂರೂ ಒಂದೇ ಬೀದಿಯಲ್ಲಿ ಕೇಳಿಬರುವ ಊರಿದು. ಇಲ್ಲಿನ ಕಿವಿಗೆ ಯಕ್ಷಗಾನದ ಭಾಗವತಿಕೆಯೂ ಸೈ, ನಾಟ್ಯಗೀತೆಯೂ ಸೈ.

1927ರ ಜುಲೈ 23ರಂದು ಮುಂಬಯಿಯಲ್ಲಿ ಬಾನುಲಿ ಕೇಂದ್ರ ತೆರೆಯಿತಾದರೂ ಅದರ ಪ್ರೇಷಕದ ಬಲ ಬರೀ ಒಂದೂವರೆ ಕಿಲೋವ್ಯಾಟ್. ಅಷ್ಟು ದೂರದ ಕಾರವಾರದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ಅಲ್ಲಿಯವರೆಗೆ ಬೇಕೆಂದಾಗ ಬೇಕಾದ ಹಾಡು ಕೇಳಲು ಪ್ಲೇಟೇ ಗತಿ.

1948ರಲ್ಲಿ ಅಮೆರಿಕದಲ್ಲಿ ಲಾಂಗ್‌ಪ್ಲೇ ತಟ್ಟೆ ಬಂತು. ಅರಗಿನ ಬದಲು ವಿನೈಲ್, 78ರ ಬದಲು ನಿಮಿಷಕ್ಕೆ ಮೂವತ್ತಮೂರೂವರೆಗೆ ಸ್ವಲ್ಪ ಕಡಿಮೆ ಸುತ್ತು, ಕೂದಲೆಳೆಯಂಥ ಗೀರು. ನೂರು ಗ್ರಾಂ ಮೀರಿದ ಹಳೆಯ ಸೌಂಡ್‌ಬಾಕ್ಸಿನ ಭಾರಕ್ಕೆ ಈ ಗೀರು ತಾಳದು. ಮುಳ್ಳು ಹಗುರವಾಯಿತು, ಇಂದಿನದು ಒತ್ತುವುದು ಸುಮಾರು ಎರಡು ಗ್ರಾಂ ಮಾತ್ರ. ಭಾರ ಇಳಿದಾಗ ದನಿಯೂ ಇಳಿಯಿತು. ತಪ್ಪಿಹೋದ ಮೆಟ್ಟಿಲಿನ ಕಥೆ ಇಲ್ಲಿಂದ ಶುರು.

ನೂರು ಪಟ್ಟು ಹಿಗ್ಗಬೇಕು

ಇಂದಿನ ಆಯಸ್ಕಾಂತದ ಕಾರ್ಟ್ರಿಜ್ ಹೊರಡಿಸುವ ವಿದ್ಯುತ್ತು ಮೂರರಿಂದ ಐದು ಮಿಲಿವೋಲ್ಟ್. ಹೆಡ್‌ಫೋನನ್ನಾಗಲಿ ಸ್ಪೀಕರನ್ನಾಗಲಿ ಅದು ಅಲುಗಿಸಲಾರದು. ಮೊದಲು ಅದನ್ನು ಸುಮಾರು ನೂರು ಪಟ್ಟು ಹಿಗ್ಗಿಸಬೇಕು. ಜತೆಗೆ ಇನ್ನೊಂದು ತೊಡಕಿದೆ. ಗೀರು ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಮೇಲಿನ ಸ್ವರಗಳನ್ನು ಏರಿಸಿ ಕೊರೆಯುತ್ತಾರೆ. ಹಾಗೆ ಮಾಡದಿದ್ದರೆ ಗೀರು ಅಗಲವಾಗಿ ತಟ್ಟೆಯಲ್ಲಿ ಜಾಗ ಸಾಲದು, ಮುಳ್ಳಿನ ಉಜ್ಜಾಟದ ಸದ್ದೂ ಎದ್ದು ಕೇಳುತ್ತದೆ. ಅಮೆರಿಕದ ಧ್ವನಿಮುದ್ರಣ ಉದ್ಯಮ 1954ರಲ್ಲಿ ಇದಕ್ಕೆ ಒಂದೇ ಅಳತೆ ಗೊತ್ತುಮಾಡಿತು. ಕೇಳುವಾಗ ಅದನ್ನು ತಿರುಗುಮುರುಗು ಮಾಡಿ ಸರಿದೂಗಿಸಬೇಕು.

ಹಿಗ್ಗಿಸುವುದು, ಸರಿದೂಗಿಸುವುದು, ಈ ಎರಡನ್ನೂ ಮಾಡುವ ಪುಟ್ಟ ಪೆಟ್ಟಿಗೆಗೆ ಫೋನೋ ಪ್ರಿ-ಆಂಪ್ ಎಂದು ಹೆಸರು. ಕೆಲವು ಟರ್ನ್‌ಟೇಬಲ್‌ಗಳಲ್ಲಿ ಇದು ಒಳಗೇ ಇರುತ್ತದೆ, ಇಲ್ಲದಿದ್ದರೆ ಬೇರೆ ಕೊಳ್ಳಬೇಕು. ಎಚ್‌ಎಂವಿ ಫಿಯೆಸ್ಟಾದಂಥ ಹಳೆಯ ಪೆಟ್ಟಿಗೆಗಳಿಗೆ ಇದರ ತಂಟೆಯಿರಲಿಲ್ಲ. ಅವುಗಳ ಸೆರಾಮಿಕ್ ಕಾರ್ಟ್ರಿಜ್ ಇದಕ್ಕಿಂತ ಎಷ್ಟೋ ಪಟ್ಟು ಜೋರು. ಆಂಪ್ಲಿಫೈಯರು, ಸ್ಪೀಕರು ಅದೇ ಪೆಟ್ಟಿಗೆಯಲ್ಲಿದ್ದವು. ಅಜ್ಜನ ಕಾಲದಲ್ಲಿ ಇಲ್ಲದ ತೊಂದರೆ ಮೊಮ್ಮಗನಿಗೆ ಎದುರಾಗುವುದು ಹೀಗೆ.

ಹೆಡ್‌ಫೋನಿಗೂ ಪ್ಲೇಟಿಗೂ ಹಳೆಯ ನಂಟಿದೆ. 1910ರಲ್ಲಿ ಅಮೆರಿಕದ ಯೂಟಾದ ನಥೇನಿಯಲ್ ಬಾಲ್ಡ್‌ವಿನ್ ಮಾಡಿಕೊಟ್ಟ ಹೆಡ್‌ಫೋನುಗಳು ನೌಕಾಪಡೆಯ ನಿಸ್ತಂತು ಕೆಲಸಕ್ಕೆ ಹೋದವು. ಸಂಗೀತಕ್ಕೆಂದೇ ಸ್ಟೀರಿಯೊ ಹೆಡ್‌ಫೋನ್ ತಂದವರು ಮಿಲ್ವಾಕಿಯ ಜಾನ್ ಕಾಸ್, 1958ರಲ್ಲಿ. ಅವರು ಮಾರಲು ಹೊರಟದ್ದು ಒಬ್ಬರೇ ಕೇಳುವ ರೆಕಾರ್ಡ್ ಪ್ಲೇಯರನ್ನು. ಜನ ಮೆಚ್ಚಿದ್ದು ಅದರ ಜತೆಗಿದ್ದ ಹೆಡ್‌ಫೋನನ್ನು!

ತಂತಿಯಿಲ್ಲದ ಹೆಡ್‌ಫೋನಾದರೆ ಮೆಟ್ಟಿಲು ಇನ್ನೊಂದು. ಎರಿಕ್ಸನ್ ಕಂಪನಿಯಲ್ಲಿ 1994ರಲ್ಲಿ ಶುರುವಾದ ಕೆಲಸದಿಂದ ಬಂದದ್ದು ಬ್ಲೂಟೂತ್. ಹೆಡ್‌ಫೋನು ಅದನ್ನು ಪಡೆಯುವ ಯಂತ್ರ, ಕಳಿಸುವ ಯಂತ್ರ ಬೇರೆ ಬೇಕು. ಟರ್ನ್‌ಟೇಬಲ್, ಅದರ ಮುಂದೆ ಪ್ರಿ-ಆಂಪ್, ಅದರ ಮುಂದೆ ಬ್ಲೂಟೂತ್ ಟ್ರಾನ್ಸ್‌ಮಿಟರ್, ಕೊನೆಗೆ ಹೆಡ್‌ಫೋನ್: ಇದೇ ಸರಿಯಾದ ಸಾಲು. ಮೊದಲೆರಡನ್ನು ಅದಲುಬದಲು ಮಾಡುವಂತಿಲ್ಲ. ಅರಗಿನ ಪ್ಲೇಟಾದರೆ 78ರ ವೇಗವಿರುವ ಯಂತ್ರವೂ ಅಗಲ ಗೀರಿಗೆ ತಕ್ಕ ಮುಳ್ಳೂ ಬೇಕು.

ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಎಚ್ಚರಿಕೆ ಒಂದು ಹೆಚ್ಚೇ ಬೇಕು. ಥಂಡಿಗೆ ಪ್ಲೇಟಿನ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ, ಉಪ್ಪುಗಾಳಿಗೆ ಪ್ಲಗ್ಗು ಕಿಲುಬುತ್ತದೆ. ಪ್ಲೇಟುಗಳನ್ನು ಅಡಕಿ ಹಾಕದೆ ನೆಟ್ಟಗೆ ನಿಲ್ಲಿಸಿಡಬೇಕು. ಹೆಡ್‌ಫೋನಿನಲ್ಲಿ ಗುಂಯ್ ಎಂಬ ಸದ್ದು ಬಿಡದಿದ್ದರೆ ಭೂಸಂಪರ್ಕದ ತಂತಿ ನೋಡಬೇಕು.

ಇಷ್ಟೆಲ್ಲ ಪಡಿಪಾಟಲು ಯಾಕೆ? ಅಂಕೋಲಾ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ನೆನೆದರೆ ಉತ್ತರ ಸಿಗುತ್ತದೆ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದ, 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಮುದ್ರಿಸಿಕೊಂಡಿದೆ, ದನಿ ಉಳಿದಿದೆ. ಅಟ್ಟದ ಮೇಲಿನ ಪ್ಲೇಟುಗಳಲ್ಲಿ ಇರುವವರೂ ಹೀಗೆಯೇ ಹಾಡಿ ಹೋದವರು. ಗುಜರಿಯವನನ್ನು ಕೂಗುವ ಮುನ್ನ ಆ ಪುಟ್ಟ ಪೆಟ್ಟಿಗೆಯೊಂದನ್ನು ಜೋಡಿಸಿ ನೋಡಿದರೆ ನಷ್ಟವೇನಿಲ್ಲ.