ಬರ್ಮಾ ಹೆಬ್ಬಾವಿನ ಅಸ್ಥಿಪಂಜರ

ಈ ಹಾವಿನ ತವರು ಆಗ್ನೇಯ ಏಷ್ಯಾ. ನಮ್ಮ ಕಾಡುಗಳ ಹೆಬ್ಬಾವಿಗೆ ತೀರ ಹತ್ತಿರದ ನೆಂಟ. ಅಮೆರಿಕದ ಮನೆಗಳಿಗೆ ಹೋದದ್ದು ಸಾಕುಪ್ರಾಣಿಯಾಗಿ. ಕೊಂಡಾಗ ಎರಡಡಿಯ ಮರಿ. ಕೆಲವೇ ವರ್ಷಗಳಲ್ಲಿ ಹತ್ತಡಿ ದಾಟಿ, ಸಾಕುವುದು ಕಷ್ಟವಾದಾಗ ಕೆಲವರು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜವುಗಿನಲ್ಲಿ ಬಿಟ್ಟುಬಂದರು. 2000ದ ಹೊತ್ತಿಗೆ ಅವು ಅಲ್ಲೇ ಮರಿಮಾಡಿ ನೆಲೆಯೂರಿದ್ದು ಖಚಿತವಾಯಿತು.

ಹಾವಿನ ತಪ್ಪೇನೂ ಇಲ್ಲ. ಆದರೆ 2012ರ ಅಧ್ಯಯನದಂತೆ, ಹೆಬ್ಬಾವು ಬಹುಕಾಲದಿಂದ ನೆಲೆಸಿದ್ದ ಕಡೆ ರಾತ್ರಿ ರಸ್ತೆಯಲ್ಲಿ ಕಣ್ಣಿಗೆ ಬೀಳುತ್ತಿದ್ದ ರಕೂನ್ ಎಂಬ ಪ್ರಾಣಿಗಳು ಶೇ. 99ರಷ್ಟು ಕಡಿಮೆಯಾಗಿದ್ದವು. ಅದೇ ವರ್ಷ ಅಮೆರಿಕ ಈ ಹಾವಿನ ಆಮದನ್ನು ನಿಷೇಧಿಸಿತು.

ಈ ಅಸ್ಥಿಪಂಜರದಲ್ಲಿ ಬಾಲ ಶುರುವಾಗುವಲ್ಲಿ ಎರಡೂ ಪಕ್ಕ ನೋಡಿ: ಉಗುರಿನಂಥ ಪುಟ್ಟ ಮುಳ್ಳುಗಳು. ಹಾವಿನ ಪೂರ್ವಜರಿಗಿದ್ದ ಹಿಂಗಾಲುಗಳ ಉಳಿಕೆ ಇವು. ಗಂಡಿಗೆ ತುಸು ಉದ್ದ. ಕೂಡುವ ವೇಳೆ ಇವುಗಳಿಂದಲೇ ಹೆಣ್ಣಿನ ಮೈ ಸವರುತ್ತದೆ.