ಲಿಂಗೈಕ್ಯದ ಸಿದ್ಧತೆ: ಮನೆಯವರೊಡನೆ ನಗುನಗುತ್ತ ಆಡಿ ಮುಗಿಸಬೇಕಾದ ಮಾತು

ಲಿಂಗಾಯತ ಪರಂಪರೆಯಲ್ಲಿ ದೇಹ ಬಿಡುವುದನ್ನು ಲಿಂಗೈಕ್ಯ, ಶಿವೈಕ್ಯ, ಬಯಲಾಗುವುದು ಎಂದು ಕರೆಯುತ್ತೇವೆ. ಷಟ್‌ಸ್ಥಲದ ಕೊನೆಯ ಮೆಟ್ಟಿಲಿಗೆ ಐಕ್ಯವೆಂದೇ ಹೆಸರು. ಹೆಸರು ಇಷ್ಟು ಸೊಗಸಾಗಿದ್ದರೂ, ಹಿರಿಯರು ಮನೆಯಲ್ಲಿ ಆ ಮಾತು ತೆಗೆದೊಡನೆ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುವುದು ನಮ್ಮ ರೂಢಿಯಾಗಿದೆ. ಹೀಗೆ ಮುಚ್ಚಿಟ್ಟ ಮಾತು ಎಲ್ಲಿಗೂ ಹೋಗುವುದಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ, ಅಳುವಿನ ನಡುವೆ, ಮಕ್ಕಳ ಎದುರಿಗೆ ಪ್ರಶ್ನೆಯಾಗಿ ಬಂದು ನಿಲ್ಲುತ್ತದೆ.

ಮಣಿಪಾಲ, ಉಡುಪಿ, ಕಾಪು, ಕಾರ್ಕಳದಲ್ಲಿ ನೆಲೆಸಿರುವ ಭಕ್ತರಿಗೂ, ಚಿಕಿತ್ಸೆಗೆಂದು ಘಟ್ಟದ ಮೇಲಿನಿಂದ ಮಣಿಪಾಲಕ್ಕೆ ಬರುವ ಕುಟುಂಬಗಳಿಗೂ ನೆರವಾಗಲೆಂದು ಈ ವಿಷಯದ ಮುಖ್ಯ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಸೂತಕವಿಲ್ಲದ ಧರ್ಮದಲ್ಲಿ ಮಾತಿಗೇಕೆ ಸೂತಕ?

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಶರಣರು ತಳ್ಳಿಹಾಕಿದರು. ಅಂಗದ ಮೇಲೆ ಲಿಂಗ ಧರಿಸಿದವರಿಗೆ ಸಾವಿನಿಂದ ಮೈಲಿಗೆ ತಟ್ಟದು ಎಂಬುದು ಅವರ ನಿಲುವು. ಸಾವೇ ಮೈಲಿಗೆಯಲ್ಲವೆಂದ ಮೇಲೆ ಸಾವಿನ ಮಾತು ಅಪಶಕುನವಾಗುವುದು ಹೇಗೆ? "ಶರಣರ ಗುಣವನ್ನು ಮರಣದಲ್ಲಿ ಕಾಣು" ಎಂಬ ಗಾದೆ ಹಳ್ಳಿಹಳ್ಳಿಯ ನಾಲಿಗೆಯ ಮೇಲಿದೆ. ಬಾಳಿದ ಬಗೆಯಂತೆ ಬೀಳ್ಕೊಳ್ಳುವ ಬಗೆಯೂ ಹಸನಾಗಿರಬೇಕು ಎಂಬ ತಿಳಿವು ಅದರಲ್ಲಿದೆ. ಆ ಹಸನು ತಾನಾಗಿ ಬರುವುದಿಲ್ಲ, ಸಿದ್ಧತೆಯಿಂದ ಬರುತ್ತದೆ.

ನಮ್ಮ ನುಡಿಯಲ್ಲೇ ಇರುವ ನಗೆ

ಕನ್ನಡಿಗರು ಸಾವಿನೊಡನೆ ಸಲುಗೆಯಿಂದಲೇ ಬಾಳಿದವರು. "ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ" ಎಂದು ಮುದುಕರು ತಮ್ಮ ವಯಸ್ಸನ್ನು ತಾವೇ ಹಾಸ್ಯ ಮಾಡಿಕೊಳ್ಳುತ್ತಾರೆ. ಹೋದವನು "ಶಿವಾ ಅಂದ", "ಗೊಟಕ್ ಅಂದ", "ಟಿಕೆಟ್ ತಗೊಂಡ" ಎಂಬ ಮಾತುಗಳು ಕಟ್ಟೆಯ ಮೇಲೆ ಇಂದಿಗೂ ಕೇಳಿಬರುತ್ತವೆ. ನಮ್ಮಲ್ಲಿ ಶವಯಾತ್ರೆಗೆ ಬಿದಿರು, ಬಾಳೆ, ಹೂಗಳಿಂದ ಕಟ್ಟುವ ಮಂಟಪಕ್ಕೆ ವಿಮಾನವೆಂದು ಹೆಸರು. ಬಜ್ಪೆಯ ವಿಮಾನ ನಿಲ್ದಾಣವನ್ನೇ ನೋಡದ ಅಜ್ಜನಿಗೂ ಒಂದು ವಿಮಾನ ಕಾದಿದೆ. ಅದಕ್ಕೆ ಪಾಸ್‌ಪೋರ್ಟ್ ಬೇಡ, ಸಾಮಾನಿನ ತೂಕ ನೋಡುವವರಿಲ್ಲ, ಕೈಯಲ್ಲಿ ಒಯ್ಯಲು ಇಷ್ಟಲಿಂಗವೊಂದೇ.

ಇಂಥ ನಗೆಗೊಂದು ಹದವುಂಟು. ಹೋಗಬೇಕಾದವರು ತಮ್ಮ ಬಗ್ಗೆ ತಾವೇ ನಕ್ಕರೆ ಮನೆಯ ಬಿಗುವು ಸಡಿಲುತ್ತದೆ. ಹಾಸಿಗೆ ಹಿಡಿದವರ ಬಗ್ಗೆ ಉಳಿದವರು ನಕ್ಕರೆ ಅದು ನೋವಾಗುತ್ತದೆ. ಆದುದರಿಂದ ಮಾತಿನ ಆರಂಭ ಹಿರಿಯರ ಕಡೆಯಿಂದ, ಅವರು ಗಟ್ಟಿಮುಟ್ಟಾಗಿರುವಾಗಲೇ ಆಗುವುದು ಮೇಲು. "ನನ್ನ ಗಣಾರಾಧನೆಯ ಊಟಕ್ಕೆ ನಾನಂತೂ ಇರುವುದಿಲ್ಲ, ಹೋಳಿಗೆಗೆ ತುಪ್ಪ ಕಡಿಮೆ ಮಾಡಬೇಡಿ" ಎಂದು ಅಜ್ಜಿಯೊಬ್ಬರು ಹೇಳಿದರೆ, ಆ ಒಂದು ನಗೆಯ ಹಿಂದೆಯೇ ಹತ್ತು ಮುಖ್ಯ ಸಂಗತಿಗಳನ್ನು ಕೇಳಲು ದಾರಿಯಾಗುತ್ತದೆ.

ಮೊದಲೇ ಹೇಳಿ ಹೋದ ಇಬ್ಬರು ಶ್ರೀಗಳು

ಸಿದ್ಧತೆಯ ಮಾತಿಗೆ ನಮ್ಮ ಕಾಲದಲ್ಲೇ ಇಬ್ಬರು ಪೂಜ್ಯರ ನಿದರ್ಶನವಿದೆ.

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳು 2023ರ ಜನವರಿ 2ರಂದು ದೇಹ ಬಿಟ್ಟರು. ಅದಕ್ಕೂ ಎಂಟು ವರ್ಷಗಳಿಗೂ ಹಿಂದೆ, 2014ರ ಗುರುಪೂರ್ಣಿಮೆಯಂದು, ಅವರು ಕೊನೆಯ ವಂದನೆಯ ಪತ್ರವೊಂದನ್ನು ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧ ಮೊದಲಾದ ವಿಧಿಗಳು ಬೇಡ, ಚಿತಾಭಸ್ಮವನ್ನು ನದಿ ಅಥವಾ ಸಮುದ್ರದಲ್ಲಿ ಬಿಡಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂಬುದು ಅದರ ಸಾರ. ಸಮಾಧಿ, ಗದ್ದುಗೆಗಳ ಪರಂಪರೆಯಲ್ಲಿ ಇದು ಸಣ್ಣ ಮಾತಲ್ಲ. ಪತ್ರವಿಲ್ಲದಿದ್ದರೆ ಲಕ್ಷಾಂತರ ಭಕ್ತರ ನಡುವೆ ಎಷ್ಟು ಅಭಿಪ್ರಾಯಗಳು ಏಳುತ್ತಿದ್ದವೋ ಊಹಿಸಬಹುದು. ಪತ್ರವಿದ್ದುದರಿಂದ ಎಲ್ಲರೂ ಕೈಮುಗಿದು ಅದರಂತೆ ನಡೆದರು.

ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಶ್ರೀಗಳು 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಬಳಿಕವೇ ಸುದ್ದಿಯನ್ನು ಪ್ರಕಟಿಸಲಾಯಿತು. ಅದು ಶ್ರೀಗಳದೇ ಇಚ್ಛೆಯಾಗಿತ್ತೆಂದು ಅಂದು ತಿಳಿದುಬಂತು. ಮರುದಿನ ಪರಂಪರೆಯಂತೆ ಕ್ರಿಯಾಸಮಾಧಿ ನಡೆಯಿತು.

ಒಬ್ಬರು ಅಗ್ನಿಯನ್ನು ಆರಿಸಿಕೊಂಡರು, ಇನ್ನೊಬ್ಬರು ಭೂಮಿಯನ್ನು ಸೇರಿದರು. ಇಬ್ಬರೂ ಉಳಿಯುವವರ ಹೊಟ್ಟೆ, ಮನಸ್ಸುಗಳ ಚಿಂತೆಯನ್ನು ತಾವಿರುವಾಗಲೇ ಮಾಡಿದ್ದರು. ಇದನ್ನು ನಾವು ಕೊನೆಯ ದಾಸೋಹವೆಂದು ಕರೆಯಬಯಸುತ್ತೇವೆ.

ಮಣಿಪಾಲದ ಸಂದರ್ಭ

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದಂದಿನಿಂದ ಮಣಿಪಾಲವು ನಾಡಿನ ಬಹುದೊಡ್ಡ ಚಿಕಿತ್ಸಾ ಕೇಂದ್ರಗಳಲ್ಲಿ ಒಂದಾಗಿ ಬೆಳೆದಿದೆ. ಶಿವಮೊಗ್ಗ, ದಾವಣಗೆರೆ, ಹಾವೇರಿಗಳಿಂದ ನಮ್ಮ ಕುಟುಂಬಗಳು ಇಲ್ಲಿಗೆ ಬರುತ್ತವೆ. ಗುಣಮುಖರಾಗಿ ಮರಳುವವರೇ ಬಹಳ. ಕೆಲವರ ಯಾತ್ರೆ ಇಲ್ಲಿಯೇ ಮುಗಿಯುತ್ತದೆ. ಆಗ ಮೂರು ಸಂಗತಿಗಳು ಒಟ್ಟಿಗೆ ಎದುರಾಗುತ್ತವೆ.

ಮೊದಲನೆಯದು ಆಸನ. ನಮ್ಮ ಸಂಪ್ರದಾಯದಲ್ಲಿ ದೇಹವನ್ನು ಕುಳ್ಳಿರಿಸಿ ಸಮಾಧಿ ಮಾಡುತ್ತೇವೆ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಸ್ನಾಯುಗಳು ಸೆಟೆಯತೊಡಗಿ, ಸುಮಾರು 12 ಗಂಟೆಗಳಲ್ಲಿ ಇಡೀ ದೇಹ ಬಿಗಿಯುತ್ತದೆ. ಶೀತಲ ಕೊಠಡಿಯಲ್ಲಿ ಮಲಗಿಸಿಟ್ಟರೆ ಆ ಬಿಗುವು ಇನ್ನಷ್ಟು ಹೊತ್ತು ಉಳಿಯುತ್ತದೆ. ಪದ್ಮಾಸನದಲ್ಲಿ ಕುಳ್ಳಿರಿಸುವ ಇಚ್ಛೆಯಿದ್ದರೆ ಅದನ್ನು ಆಸ್ಪತ್ರೆಯ ಸಿಬ್ಬಂದಿಗೆ ಕೂಡಲೇ ತಿಳಿಸಬೇಕು. ಕೊನೆಗೆ ಆಸನ ಸಾಧ್ಯವಾಗದಿದ್ದರೆ ಮಲಗಿಸಿಯೇ ಸಂಸ್ಕಾರ ಮಾಡಬಹುದು. ಐಕ್ಯಕ್ಕೆ ಮೊಣಕಾಲಿನ ಮಡಿಕೆ ಅಡ್ಡಿಯಲ್ಲ. ಇದನ್ನೂ ಮನೆಯವರಿಗೆ ಮೊದಲೇ ಹೇಳಿಟ್ಟರೆ ಅವರ ಮನಸ್ಸು ಕೊರಗುವುದಿಲ್ಲ.

ಎರಡನೆಯದು ದಾರಿ. ಮಣಿಪಾಲದಿಂದ ಘಟ್ಟ ಹತ್ತಿ ಊರು ಸೇರಲು ಹಲವರಿಗೆ ಐದಾರು ಗಂಟೆ ಬೇಕು. ಮಳೆಗಾಲದಲ್ಲಿ ಆಗುಂಬೆಯ ತಿರುವುಗಳಲ್ಲಿ ಗುಡ್ಡ ಜರಿದರೆ, ಮರ ಉರುಳಿದರೆ ಇನ್ನೂ ತಡ. ಊರಿಗೇ ಒಯ್ಯಬೇಕೆ, ಇಲ್ಲಿಯೇ ಸಂಸ್ಕಾರವೇ ಎಂಬುದನ್ನು ಹೋಗುವವರೇ ಹೇಳಿರಬೇಕು.

ಮೂರನೆಯದು ನೆಲ. ಕರಾವಳಿಯಲ್ಲಿ ಸಮುದಾಯದ ಮನೆಗಳು ಕಡಿಮೆ, ಸುತ್ತಲಿನವರಲ್ಲಿ ದಹನವೇ ಹೆಚ್ಚು. ಕೆಂಪು ಮುರಕಲ್ಲಿನ ನೆಲವನ್ನು ಅಗೆಯುವುದು ಕಷ್ಟ. ತಗ್ಗಿನ ಜಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಯಲ್ಲಿ ನೀರು ಒಸರುತ್ತದೆ. ಇಲ್ಲಿಯೇ ನೆಲೆಸಿರುವ ಕುಟುಂಬಗಳು ಸಮಾಧಿಗೆ ಜಾಗ ಎಲ್ಲಿ, ಯಾರ ಒಪ್ಪಿಗೆ ಬೇಕು ಎಂಬುದನ್ನು ಸ್ಥಳೀಯ ಪಂಚಾಯಿತಿ ಅಥವಾ ನಗರಸಭೆಯಲ್ಲಿ ಈಗಲೇ ವಿಚಾರಿಸಿಕೊಳ್ಳಲಿ.

ಕ್ರಿಯಾಸಮಾಧಿಗೆ ಬೇಕಾಗುವುದು

ವಿಧಿಯ ವಿವರಗಳು ಊರಿಂದ ಊರಿಗೆ ತುಸು ಬದಲಾಗುತ್ತವೆ. ಸಾಮಾನ್ಯವಾಗಿ ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ರುದ್ರಾಕ್ಷಿ ಹಾಕಿ, ಕುಳ್ಳಿರಿಸಿ, ಭಜನೆಯೊಡನೆ ವಿಮಾನದಲ್ಲಿ ಒಯ್ಯುತ್ತಾರೆ. ಗುಂಡಿಯ ಒಂದು ಬದಿಯಲ್ಲಿ ಗೂಡು ತೋಡಿ ಅದರಲ್ಲಿ ಕುಳ್ಳಿರಿಸಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ, ಮಂತ್ರದೊಡನೆ ವಿಭೂತಿ, ಬಿಲ್ವಪತ್ರೆಗಳನ್ನು ಅರ್ಪಿಸಿ ಮುಚ್ಚುತ್ತಾರೆ. ಹಲವೆಡೆ ಉಪ್ಪನ್ನೂ ತುಂಬುತ್ತಾರೆ. ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪು, ಹೊಸ ಬಟ್ಟೆ, ಇವಿಷ್ಟನ್ನು ಹೊಂದಿಸುವವರು ಯಾರು, ವಿಧಿ ನಡೆಸುವ ಅಯ್ಯನವರು ಯಾರು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಗಣಾರಾಧನೆಯನ್ನು ಸಾಲ ಮಾಡಿ ಮಾಡುವುದು ಬೇಡ. ಎಷ್ಟು ಜನಕ್ಕೆ ಊಟ ಎಂಬುದನ್ನೂ ಹಿರಿಯರೇ ಹೇಳಿಬಿಟ್ಟರೆ ಬಂಧುಗಳ ಬಾಯಿಗೆ ಬೀಗ ಬಿದ್ದಂತೆ.

ನೇತ್ರದಾನ ಮತ್ತು ದೇಹದಾನ

ನೇತ್ರದಾನಕ್ಕೂ ಸಮಾಧಿಗೂ ವಿರೋಧವಿಲ್ಲ. ಮರಣದ ಸುಮಾರು 6 ಗಂಟೆಗಳೊಳಗೆ ಕಣ್ಣುಗಳನ್ನು ಪಡೆಯುತ್ತಾರೆ, ಮುಖ ವಿಕಾರವಾಗುವುದಿಲ್ಲ, ಮುಂದಿನ ವಿಧಿಗಳೆಲ್ಲ ಎಂದಿನಂತೆ ನಡೆಯುತ್ತವೆ. ಡಾ. ರಾಜಕುಮಾರ್ ಅವರ ಕಣ್ಣುಗಳು 2006ರಲ್ಲಿ, ಅವರ ಮಗ ಪುನೀತ್ ರಾಜಕುಮಾರ್ ಅವರ ಕಣ್ಣುಗಳು 2021ರಲ್ಲಿ ದಾನವಾದುದನ್ನು ನಾಡೇ ಬಲ್ಲದು. ಮಿದುಳು ನಿಷ್ಕ್ರಿಯವಾದಾಗ ಮಾಡುವ ಅಂಗಾಂಗ ದಾನವನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ನೋಡಿಕೊಳ್ಳುತ್ತದೆ.

ದೇಹದಾನದಲ್ಲಿ ಸಮಾಧಿಯನ್ನು ಬಿಟ್ಟುಕೊಡಬೇಕಾಗುತ್ತದೆ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹವನ್ನು ವೈದ್ಯ ವಿದ್ಯಾರ್ಥಿಗಳಿಗೆಂದು ಇಚ್ಛೆಪಟ್ಟು ಕೊಟ್ಟರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅವರ ಮಗ, ಅಂಗರಚನಾಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ, ತಂದೆಯ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದರು. ಮಗನ ಕೈ ನಡುಗದಂತೆ ಮಾಡಿದ್ದು ತಂದೆ ಬದುಕಿದ್ದಾಗ ಹೇಳಿದ್ದ ಮಾತು. ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರೆ ಸಾಲದು ಎಂಬುದನ್ನು ಇಲ್ಲಿ ನೆನಪಿಡಬೇಕು. ಆ ಗಳಿಗೆಯಲ್ಲಿ ದೇಹವನ್ನು ಒಪ್ಪಿಸಬೇಕಾದವರು ಮನೆಯವರು. ಅವರಿಗೆ ಗೊತ್ತಿಲ್ಲದ ಪ್ರತಿಜ್ಞೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅಪಘಾತದಂತಹ ಪ್ರಕರಣಗಳಲ್ಲಿ, ಕೆಲವು ಸಾಂಕ್ರಾಮಿಕ ರೋಗಗಳಲ್ಲಿ ಕಾಲೇಜುಗಳು ದೇಹವನ್ನು ಸ್ವೀಕರಿಸುವುದಿಲ್ಲ. ಆದುದರಿಂದ ಎರಡನೆಯ ಆಯ್ಕೆಯನ್ನೂ ಬರೆದಿಡಬೇಕು.

ಕೊನೆಯ ಚಿಕಿತ್ಸೆಯ ಬಗ್ಗೆ ಇಚ್ಛಾಪತ್ರ

ಗುಣವಾಗುವ ಆಸೆಯೇ ಇಲ್ಲದಾಗ ಉಸಿರಾಟದ ಯಂತ್ರಕ್ಕೆ ಹಾಕಬೇಕೆ ಎಂಬ ಪ್ರಶ್ನೆಗೆ ಮಕ್ಕಳು ಉತ್ತರಿಸುವುದು ಕಠಿಣ. ಹಿರಿಯ ಮಗ ಬೇಡವೆಂದರೆ ಜಿಪುಣನೆನಿಸುತ್ತಾನೆ, ದೂರದೂರಿನ ಮಗಳು ಬೇಕೆಂದರೆ ಮೊಂಡಳೆನಿಸುತ್ತಾಳೆ. ಇಬ್ಬರಲ್ಲಿಯೂ ಇರುವುದು ಪ್ರೀತಿಯೇ. ಆ ಹೊರೆಯನ್ನು ಇಳಿಸಲು ಕಾನೂನಿನಲ್ಲಿ ದಾರಿಯಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿ, ಮುಂಗಡ ಇಚ್ಛಾಪತ್ರಕ್ಕೆ ಮನ್ನಣೆ ನೀಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಸ್ವಸ್ಥಚಿತ್ತರಾದ ವಯಸ್ಕರು ಇದನ್ನು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ತಮ್ಮ ಪರವಾಗಿ ನಿರ್ಧರಿಸುವವರ ಹೆಸರನ್ನು ಅದರಲ್ಲಿ ನಮೂದಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಪತ್ರವಿದ್ದರೂ ಎರಡು ವೈದ್ಯಕೀಯ ಮಂಡಳಿಗಳು ಪರಿಶೀಲಿಸಿದ ಮೇಲೆಯೇ ಅದು ಜಾರಿಗೆ ಬರುತ್ತದೆ. ಕರ್ನಾಟಕ ಸರ್ಕಾರವು 2025ರ ಜನವರಿ 30ರ ಸುತ್ತೋಲೆಯ ಮೂಲಕ ಇದನ್ನು ರಾಜ್ಯದಲ್ಲಿ ಆಚರಣೆಗೆ ತಂದಿದೆ.

ಇದು ದಯಾಮರಣದ ಚುಚ್ಚುಮದ್ದಲ್ಲ. ಅದಕ್ಕೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸಿ, ನೋವು ಶಮನವನ್ನು ಮುಂದುವರಿಸುವುದು ಇದರ ಅರ್ಥ. ಮಣಿಪಾಲದಲ್ಲಿ ಇದಕ್ಕೆಂದೇ ಪ್ಯಾಲಿಯೇಟಿವ್ ಕೇರ್ ವಿಭಾಗವಿದೆ. ಕೊನೆಯ ವಾರದವರೆಗೆ ಕಾಯದೆ, ರೋಗ ಗುಣವಾಗದೆಂದು ತಿಳಿದೊಡನೆ ಅಲ್ಲಿ ವಿಚಾರಿಸುವುದು ಒಳಿತು.

ಒಂದು ಹಾಳೆಯಲ್ಲಿ ಬರೆದಿಡಬೇಕಾದವು

1. ಸಮಾಧಿಯೋ, ದಹನವೋ, ದೇಹದಾನವೋ, ಎಲ್ಲಿ, ಅದು ಆಗದಿದ್ದರೆ ಎರಡನೆಯ ಆಯ್ಕೆ ಯಾವುದು.
2. ನೇತ್ರದಾನಕ್ಕೆ, ಅಂಗಾಂಗ ದಾನಕ್ಕೆ ಒಪ್ಪಿಗೆಯಿದೆಯೆ.
3. ಕೊನೆಯ ಚಿಕಿತ್ಸೆಯ ಬಗ್ಗೆ ಇಚ್ಛೆ; ನಿರ್ಧರಿಸುವವರು ಯಾರು.
4. ವಿಧಿ ನಡೆಸುವವರು, ಮೊದಲು ಕರೆ ಮಾಡಬೇಕಾದ ಮೂವರು.
5. ಇಷ್ಟಲಿಂಗವನ್ನು ದೇಹದೊಡನೆ ಇಡುವ ಬಗ್ಗೆ ಇಚ್ಛೆ. ಈಗ ಅದು ಇರುವ ಸ್ಥಳ.
6. ಆಧಾರ್, ಬ್ಯಾಂಕ್, ವಿಮೆ, ಪಹಣಿ, ಉಯಿಲುಗಳು ಇರುವ ಜಾಗ.
7. ಗಣಾರಾಧನೆಯ ಖರ್ಚಿನ ಮಿತಿ.

ಈ ಹಾಳೆಯ ಎರಡು ಪ್ರತಿಗಳು ಬೇರೆಬೇರೆಯವರ ಬಳಿ ಇರಲಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ, ಕೀಲಿಯೂ ನಿಮ್ಮೊಡನೆ ವಿಮಾನ ಹತ್ತೀತು.

ಮರಣ ನೋಂದಣಿಯನ್ನು 21 ದಿನಗಳೊಳಗೆ ಮಾಡಿಸಬೇಕು. ಮರಣ ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿ, ಸ್ವಂತ ಊರಿನಲ್ಲಲ್ಲ. ಮಣಿಪಾಲದಲ್ಲಿ ತೀರಿಕೊಂಡವರ ಕುಟುಂಬದವರು ಹೊರಡುವ ಮುನ್ನ ಹೆಸರು, ವಿಳಾಸಗಳ ಅಕ್ಷರಗಳನ್ನು ಆಧಾರ್‌ನೊಂದಿಗೆ ತಾಳೆ ನೋಡಿ ಕೊಟ್ಟರೆ ಮತ್ತೆ ಘಟ್ಟ ಇಳಿಯುವ ಅಲೆದಾಟ ತಪ್ಪುತ್ತದೆ.

ಮಾತು ತೆಗೆಯುವ ಬಗೆ

ಹಬ್ಬದ ಊಟದ ಮೇಲೆ, ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕುಳಿತಿರುವಾಗ ಈ ಮಾತು ಸುಲಭವಾಗಿ ಬರುತ್ತದೆ. ಕಿರಿಯರು ಕೇಳಬೇಕಾದರೆ "ಅಜ್ಜಾ, ನಿಮಗೆ ಏನಾದರೂ ಆದರೆ" ಎಂದು ಆರಂಭಿಸದೆ, "ನಿಮ್ಮ ಅಪ್ಪನವರನ್ನು ಹೇಗೆ ಕಳಿಸಿಕೊಟ್ಟಿರಿ?" ಎಂದು ಕೇಳಲಿ. ಹಿರಿಯರು ಆ ಕಥೆಯನ್ನು ಹೇಳುತ್ತ ಹೇಳುತ್ತ ತಮಗೆ ಬೇಕಾದುದನ್ನೂ ಹೇಳಿಬಿಡುತ್ತಾರೆ. ಒಂದೇ ಸಲಕ್ಕೆ ಮುಗಿಸುವ ಅವಸರ ಬೇಡ. ಯಾರಾದರೂ ಕಣ್ಣೀರು ಹಾಕಿದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಹಬ್ಬ ಬರುತ್ತದೆ.

ಕಾಯವೇ ಕೈಲಾಸವಲ್ಲ, ಕಾಯಕವೇ ಕೈಲಾಸವೆಂದು ನಂಬಿದವರು ನಾವು. ಉಳಿಯುವವರ ಹಾದಿಯನ್ನು ಹಸನು ಮಾಡಿ ಹೋಗುವುದೂ ಒಂದು ಕಾಯಕ, ಬಹುಶಃ ಎಲ್ಲಕ್ಕಿಂತ ಕೊನೆಯ ಕಾಯಕ. ಅದನ್ನು ಕೈಕಾಲು ಗಟ್ಟಿಯಿರುವಾಗ, ನಗುವ ಶಕ್ತಿಯಿರುವಾಗಲೇ ಮಾಡಿ ಮುಗಿಸೋಣ.