ಕಾಕಡು: ಯುರೇನಿಯಂ ಗಣಿ ಮತ್ತು ಮಿರರ್ ಜನರ ನೆಲ

ಕಾಕಡು ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯದಲ್ಲಿ, ಡಾರ್ವಿನ್ ನಗರದ ಪೂರ್ವಕ್ಕಿರುವ ರಾಷ್ಟ್ರೀಯ ಉದ್ಯಾನ. 1981ರಿಂದ ವಿಶ್ವ ಪರಂಪರೆಯ ತಾಣ. ಇಲ್ಲಿನ ರೇಂಜರ್ ಮತ್ತು ಜಬಿಲುಕ ಯುರೇನಿಯಂ ನಿಕ್ಷೇಪಗಳು ಮಿರರ್ ಎಂಬ ಮೂಲನಿವಾಸಿ ಕುಲದ ನೆಲದಲ್ಲಿವೆ. ಇವುಗಳ ಕುರಿತ ಬರಹಗಳಲ್ಲಿ ಎರಡು ಗೊಂದಲಗಳು ಪದೇಪದೇ ಕಾಣುತ್ತವೆ. ರೇಂಜರ್ ಗಣಿ ಉದ್ಯಾನಕ್ಕೆ ಸೇರಿದೆ ಎನ್ನುವುದು ಒಂದು. ಸುತ್ತಲೂ ಉದ್ಯಾನವೇ ಇದ್ದರೂ ಗಣಿ ಗುತ್ತಿಗೆಯ ಜಾಗವನ್ನು ಅದರ ಗಡಿಯಿಂದ ಹೊರಗಿಡಲಾಗಿದೆ. ಎರಡೂ ಗಣಿಗಳಿಗೆ ಮೂಲನಿವಾಸಿಗಳು ಒಪ್ಪಿದ್ದರು ಎನ್ನುವುದು ಇನ್ನೊಂದು. ಇದು ಒಂದು ಜನಕ್ಕೇ ಅನ್ಯಾಯ ಮಾಡುವ ತಪ್ಪು. ಆದ್ದರಿಂದ ಇಲ್ಲಿ ವಿವರವಾಗಿ ನೋಡಬೇಕು.

ರೇಂಜರ್ ನಿಕ್ಷೇಪ 1969ರಲ್ಲಿ, ಜಬಿಲುಕ 1971ರಲ್ಲಿ ಪತ್ತೆಯಾದವು. ನ್ಯಾಯಮೂರ್ತಿ ರಸೆಲ್ ಫಾಕ್ಸ್ ಅವರ ವಿಚಾರಣಾ ಆಯೋಗ 1977ರ ಎರಡನೇ ವರದಿಯಲ್ಲಿ ಗಣಿ, ಉದ್ಯಾನ, ಭೂಹಕ್ಕು ಮೂರಕ್ಕೂ ಒಟ್ಟಿಗೆ ದಾರಿ ಮಾಡಿತು. ನೆಲದ ಒಡೆಯರಿಗೆ ಗಣಿ ಬೇಡವಾಗಿದೆ ಎಂದು ದಾಖಲಿಸಿದ್ದು ಇದೇ ವರದಿ; ಆ ವಿರೋಧಕ್ಕೆ ಮಣಿಯಬೇಕಿಲ್ಲ ಎಂದು ತೀರ್ಮಾನಿಸಿದ್ದೂ ಇದೇ ವರದಿ. 1976ರ ಭೂಹಕ್ಕು ಕಾಯ್ದೆ ಮೂಲನಿವಾಸಿಗಳಿಗೆ ತಮ್ಮ ನೆಲದಲ್ಲಿ ಗಣಿ ತಡೆಯುವ ಅಧಿಕಾರ ಕೊಟ್ಟಿತ್ತು. ಆದರೆ ಅದರ 40(6)ನೇ ಉಪಕಲಂ ರೇಂಜರ್ ಅನ್ನು ಆ ಅಧಿಕಾರದಿಂದ ಹೊರಗಿಟ್ಟಿತು. ಬೇಡವೆನ್ನುವ ಹಕ್ಕೇ ಇಲ್ಲದ ಮೇಲೆ, 1978ರ ನವೆಂಬರ್‌ನಲ್ಲಿ ಮೂಲನಿವಾಸಿಗಳ ಪರವಾಗಿ ಉತ್ತರ ಭೂ ಮಂಡಳಿ ರೇಂಜರ್ ಒಪ್ಪಂದಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆಯೆಂದು ಓದಲಾಗದು. ಚರ್ಚೆಗೆ ಉಳಿದಿದ್ದುದು ಷರತ್ತುಗಳು ಮಾತ್ರ. ಮೂಲನಿವಾಸಿಗಳ ಪಾಲಿಗೆ ಬಂದ ರಾಯಧನ ನಿವ್ವಳ ಮಾರಾಟ ಆದಾಯದ ಶೇ. 4.25.

ಜಬಿಲುಕಕ್ಕೆ ಆ ವಿನಾಯಿತಿ ಇರಲಿಲ್ಲ. ಅಲ್ಲಿ 1982ರ ಒಪ್ಪಂದವಿದೆ. ದಣಿದ ಹಿರಿಯರನ್ನು ಒತ್ತಾಯಿಸಿ ಪಡೆದ ಸಹಿ ಅದು ಎಂದು ಮಿರರ್ ಜನರು ಹೇಳುತ್ತಾ ಬಂದಿದ್ದಾರೆ. ಒಪ್ಪಂದ ಊರ್ಜಿತವೆಂದೇ ಗಣಿ ಕಂಪನಿ ನಡೆದುಕೊಂಡಿತು. 1980ರ ದಶಕದಲ್ಲಿ ಲೇಬರ್ ಪಕ್ಷದ ‘ಮೂರೇ ಗಣಿ’ ನೀತಿಯಿಂದ ಯೋಜನೆ ನಿಂತಿತ್ತು. 1996ರಲ್ಲಿ ಸರ್ಕಾರ ಬದಲಾದೊಡನೆ ಮತ್ತೆ ಜೀವ ಪಡೆಯಿತು.

ಜಬಿಲುಕ ಗಣಿಯನ್ನು ವಿರೋಧಿಸಿ ಹೂಡಿದ 1998ರ ದಿಗ್ಬಂಧನ ಎಂಟು ತಿಂಗಳು ನಡೆಯಿತು. 500ಕ್ಕೂ ಹೆಚ್ಚು ಜನರ ಬಂಧನವಾಯಿತು. ಅವರಲ್ಲಿ ಮಿರರ್ ಕುಲದ ಹಿರಿಯ ಒಡತಿ ಯ್ವೋನ್ ಮಾರ್ಗರೂಲ ಒಬ್ಬರು. ತಮ್ಮದೇ ಕುಲದ ನೆಲದಲ್ಲಿ ಅತಿಕ್ರಮ ಪ್ರವೇಶ ಮಾಡಿದ ಅಪರಾಧಕ್ಕೆ ಅವರಿಗೆ ಶಿಕ್ಷೆಯಾಯಿತು. ಮರುವರ್ಷ ಅವರಿಗೂ ಹೋರಾಟದ ಜೊತೆಗಾತಿ ಜಾಕಿ ಕಟೋನ ಅವರಿಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2000ದಲ್ಲಿ ಕಂಪನಿಯ ಒಡೆತನ ರಿಯೊ ಟಿಂಟೊ ಕೈಗೆ ಹೋಯಿತು. 2003ರಲ್ಲಿ, ಜಬಿಲುಕದಲ್ಲಿ ಸುರಂಗ ಕೊರೆದು ಹೊರತೆಗೆದಿದ್ದ ಅದಿರುಕಲ್ಲನ್ನು ಅದೇ ಸುರಂಗಕ್ಕೆ ಮರಳಿ ತುಂಬಲಾಯಿತು. ಮಿರರ್ ಜನರ ಸಮ್ಮತಿಯಿಲ್ಲದೆ ಇಲ್ಲಿ ಗಣಿ ನಡೆಸುವುದಿಲ್ಲವೆಂಬ 2005ರ ಒಪ್ಪಂದವೇ ಈ ಇತಿಹಾಸದ ನಿಜವಾದ ತಿರುವು. ಸಾಮಾನ್ಯ ಬರಹಗಳು ದಿಗ್ಬಂಧನಕ್ಕೆ ಕೊಡುವಷ್ಟು ಜಾಗವನ್ನು ಇದಕ್ಕೆ ಕೊಡುವುದಿಲ್ಲ.

ಜನರ ಜೀವನೋಪಾಯದ ಪ್ರಶ್ನೆ ಇದ್ದದ್ದು ನೀರಿನಲ್ಲಿ. ರೇಂಜರ್ ಪಕ್ಕದಲ್ಲೇ ಹರಿಯುವ ಮಗೇಲ ಹೊಳೆ ಮಳೆಗಾಲದಲ್ಲಿ ಉಕ್ಕಿ ಜೌಗುಬಯಲನ್ನು ತುಂಬುತ್ತದೆ. ಬರ್ರಮಂಡಿ ಮೀನು, ಉದ್ದಕತ್ತಿನ ಆಮೆ, ಹೆಬ್ಬಾತು, ನೈದಿಲೆಯ ಗಡ್ಡೆ ಎಲ್ಲವೂ ಅಲ್ಲಿಂದಲೇ ಒಲೆಗೆ ಬರುತ್ತವೆ. ಗಣಿಯ ಕೆಳಹರಿವಿನ ಮಡ್ಜಿನ್‌ಬೆರಿ ಮಡುವಿನಲ್ಲಿ ಜನರು ಕೆಸರಿಗೆ ಕೈಹಾಕಿ ಕಪ್ಪೆಚಿಪ್ಪು ಆಯ್ದು ತಿನ್ನುತ್ತಾರೆ. ರೇಡಿಯಂ ಕ್ಯಾಲ್ಸಿಯಂನಂತೆಯೇ ಈ ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ 1978ರಲ್ಲಿ ಸ್ಥಾಪನೆಯಾದ ಮೇಲ್ವಿಚಾರಕ ವಿಜ್ಞಾನಿಯ ಕಚೇರಿ ಅವೇ ಚಿಪ್ಪುಗಳನ್ನು ತಂದು ಪರೀಕ್ಷಿಸುತ್ತಾ ಬಂದಿದೆ.

ನೆರೆಯ ಕುಂಗಾರ ನಿಕ್ಷೇಪದ ಕಥೆ ಚಿಕ್ಕದು. ಆ ನೆಲದ ಒಡೆತನವಿದ್ದ ಜೋಕ್ ಕುಲದಲ್ಲಿ ಉಳಿದಿದ್ದ ಒಬ್ಬರೇ ಒಬ್ಬರು ಜೆಫ್ರಿ ಲೀ. ಅವರು ಗಣಿಯ ಹಣ ಬೇಡವೆಂದರು. 2011ರಲ್ಲಿ ಆ ಜಾಗ ವಿಶ್ವ ಪರಂಪರೆಯ ಪಟ್ಟಿಗೆ, 2013ರಲ್ಲಿ ಉದ್ಯಾನಕ್ಕೆ ಸೇರಿತು.

ಜಬಿಲುಕ ಗುತ್ತಿಗೆಯ ಜಾಗದಲ್ಲಿರುವ ಮಡ್ಜಡ್‌ಬೆಬೆ ಕಲ್ಲಾಸರೆಯಲ್ಲಿ 65,000 ವರ್ಷಗಳ ಹಿಂದೆ ಮನುಷ್ಯರಿದ್ದರೆಂದು 2017ರಲ್ಲಿ ಸಂಶೋಧಕರು ಪ್ರಕಟಿಸಿದರು. ಈ ಕಾಲನಿರ್ಣಯವನ್ನು ಒಪ್ಪದ ಪುರಾತತ್ತ್ವಜ್ಞರೂ ಇದ್ದಾರೆ. ಗುತ್ತಿಗೆಯನ್ನು ನವೀಕರಿಸುವುದಿಲ್ಲವೆಂದೂ ಜಾಗವನ್ನು ಕಾಕಡುವಿಗೆ ಸೇರಿಸುವುದಾಗಿಯೂ ಸರ್ಕಾರ 2024ರ ಜುಲೈನಲ್ಲಿ ಘೋಷಿಸಿತು.

ರೇಂಜರ್‌ನಲ್ಲಿ ಅದಿರು ಸಂಸ್ಕರಣೆ 2021ರ ಜನವರಿಯಲ್ಲಿ ನಿಂತಿತು. ಅದಿರು ಅರೆದು ಉಳಿದ ರಾಡಿಯನ್ನು ಹಳೆಯ ಗುಂಡಿಗಳಿಗೆ ತುಂಬಲಾಗಿದ್ದು, ಕನಿಷ್ಠ 10,000 ವರ್ಷ ಅದು ಸುತ್ತಲಿನ ಪರಿಸರಕ್ಕೆ ಸೇರದಂತೆ ಕಾಯಬೇಕೆಂಬುದು ಪರವಾನಗಿಯ ಷರತ್ತು. ನೆಲವನ್ನು ಸರಿಪಡಿಸಿ ಒಪ್ಪಿಸಲು 2026ರ ಜನವರಿಯ ಗಡುವಿತ್ತು. ಅದು ಸಾಲದೆಂದು 2022ರಲ್ಲಿ ಕಾನೂನನ್ನೇ ತಿದ್ದಬೇಕಾಯಿತು.